ಕೋಶದ ಪೊರೆಯೂ ಊರಿನ ನೀರೂ

ಮಾನವ ದೇಹವು ಜೀವಕೋಶಗಳಿಂದ ಆದುದೆಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಕೋಶದ ಚಿತ್ರವನ್ನು ಬರೆದು, ನಡುವೆ ಕೋಶಕೇಂದ್ರವನ್ನು ಗುರುತಿಸಿ, ಸುತ್ತಲಿನ ಗೆರೆಗೆ ‘ಕೋಶಪೊರೆ’ ಎಂದು ಹೆಸರು ಬರೆದರೆ ಅಂಕಗಳು ದೊರೆಯುವುವು. ಆ ಗೆರೆ ಏನು ಮಾಡುತ್ತದೆ, ಹೇಗೆ ಮಾಡುತ್ತದೆ ಎಂದು ಕೇಳುವವರು ವಿರಳ. ಪದವಿಪೂರ್ವ ತರಗತಿಗೆ ಬಂದೊಡನೆ, ಗಣಿತ ಭೌತಶಾಸ್ತ್ರಗಳೊಡನೆ ಗಣಕ ವಿಜ್ಞಾನವನ್ನು ಆರಿಸಿಕೊಂಡವರು ಜೀವಶಾಸ್ತ್ರದಿಂದ ಬಿಡುಗಡೆಯಾಯಿತೆಂದು ಸಂತೋಷಪಡುವರು. ವೈದ್ಯರಾಗಬಯಸುವವರು ಭೌತಶಾಸ್ತ್ರವನ್ನು ಹೇಗೋ ಸಹಿಸಿಕೊಳ್ಳುವರು. ಈ ವಿಭಜನೆಯಿಂದ ಇಬ್ಬರಿಗೂ ಹಾನಿಯಾಗುತ್ತಿದೆಯೆಂಬುದು ನನ್ನ ಅಭಿಪ್ರಾಯ. ಕೋಶಪೊರೆಯ ವ್ಯವಹಾರವು ಭೌತಶಾಸ್ತ್ರದ ನಿಯಮಗಳಿಗೆ ಒಳಪಟ್ಟ ವ್ಯವಹಾರ. ಅದನ್ನು ಅರಿಯದವರು ತಮ್ಮ ಊರಿನ ಕುಡಿಯುವ ನೀರಿನ ವಿಚಾರವನ್ನೂ ಸರಿಯಾಗಿ ಅರಿಯಲಾರರು.

ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿಯ ಸೀಮೆಯನ್ನೇ ತೆಗೆದುಕೊಳ್ಳೋಣ. ಶಿರಾದಿಂದ ಹಿರಿಯೂರಿಗೆ ಹೋಗುವ ಹೆದ್ದಾರಿಯ ಮೇಲಿರುವ ಈ ಹೋಬಳಿ ಕೇಂದ್ರವು ಮಳೆ ಕಡಿಮೆಯಾದ ಬಯಲುಸೀಮೆಗೆ ಸೇರಿದುದು. ಇಂಥ ಸೀಮೆಯಲ್ಲಿ ಕೊಳವೆಬಾವಿಯೇ ಬಹುಕಾಲದಿಂದ ಜನರ ಆಸರೆ. ಆಳದ ನೀರು ಬಹುಕಾಲ ಬಂಡೆಯ ಸಂಪರ್ಕದಲ್ಲಿರುವುದರಿಂದ ಅಲ್ಲಿನ ಖನಿಜಗಳಿಂದ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಭೂಜಲದಲ್ಲಿ ಫ್ಲೋರೈಡ್ ಹೆಚ್ಚಾಗಿರುವ ನಮ್ಮ ಜಿಲ್ಲೆಗಳಲ್ಲಿ ಚಿತ್ರದುರ್ಗವೂ ಒಂದು. ನೆರೆಯ ತುಮಕೂರು ಜಿಲ್ಲೆಯ ಪಾವಗಡವೂ ಇದೇ ತೊಂದರೆಗೆ ಹೆಸರಾಗಿದೆ. ಭಾರತದಲ್ಲಿ ಈ ಕಾಯಿಲೆಯನ್ನು ವೈದ್ಯರು ಮೊದಲು ವರ್ಣಿಸಿದುದು ೧೯೩೭ರಲ್ಲಿ, ಅಂದಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಕುಡಿಯುವ ನೀರಿನಲ್ಲಿ ಲೀಟರಿಗೆ ೧ ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರಬಾರದೆಂದೂ, ಬೇರೆ ನೀರು ದೊರೆಯದ ಕಡೆ ೧.೫ ಮಿಲಿಗ್ರಾಂವರೆಗೆ ಸಹಿಸಬಹುದೆಂದೂ ಭಾರತೀಯ ಮಾನಕವು ವಿಧಿಸಿದೆ.

ಈಗ ಕೋಶದ ಪೊರೆಯ ಕಡೆಗೆ ತಿರುಗೋಣ. ಅದರ ದಪ್ಪ ಏಳೆಂಟು ನ್ಯಾನೋಮೀಟರು ಮಾತ್ರ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಅಂಥ ಏಳೆಂಟು ಭಾಗಗಳಷ್ಟು. ಎರಡು ಪದರಗಳಾಗಿ ಜೋಡಿಸಿಕೊಂಡ ಕೊಬ್ಬಿನ ಅಣುಗಳೇ ಇದರ ಮೈ. ಅಲ್ಲಲ್ಲಿ ಪ್ರೋಟೀನುಗಳು ನೆಲೆಸಿವೆ. ಎಣ್ಣೆಗೂ ನೀರಿಗೂ ಹೊಂದಿಕೆಯಿಲ್ಲವೆಂಬುದು ಅಡುಗೆಮನೆಯಲ್ಲಿಯೇ ತಿಳಿಯುವ ಸಂಗತಿ. ವಿದ್ಯುದಾವೇಶವುಳ್ಳ ಅಯಾನುಗಳು ನೀರನ್ನು ಬಿಟ್ಟು ಎಣ್ಣೆಯ ಪದರದೊಳಕ್ಕೆ ಸುಲಭವಾಗಿ ಹೋಗಲಾರವು. ಆದುದರಿಂದ ಸೋಡಿಯಂ, ಪೊಟ್ಯಾಸಿಯಂಗಳು ಒಳಹೊರಗೆ ಸಾಗಬೇಕಾದರೆ ಪ್ರೋಟೀನಿನ ದ್ವಾರಗಳೋ ಪಂಪುಗಳೋ ಬೇಕು. ೧೯೫೭ರಲ್ಲಿ ಡೆನ್ಮಾರ್ಕಿನ ಯೆನ್ಸ್ ಸ್ಕೌ ಗುರುತಿಸಿದ ಪಂಪು ಮೂರು ಸೋಡಿಯಂ ಅಯಾನುಗಳನ್ನು ಹೊರಕ್ಕೆ ಹಾಕಿ ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳಕ್ಕೆ ತರುತ್ತದೆ. ಇದಕ್ಕೆ ಶಕ್ತಿ ವ್ಯಯವಾಗುತ್ತದೆ. ನರಕೋಶದ ಪೊರೆಯ ಎರಡು ಬದಿಗಳ ನಡುವೆ ಸುಮಾರು ೭೦ ಮಿಲಿವೋಲ್ಟುಗಳ ವ್ಯತ್ಯಾಸವುಂಟು. ಇದನ್ನು ಪೊರೆಯ ದಪ್ಪದಿಂದ ಭಾಗಿಸಿ ನೋಡಿ: ಮೀಟರಿಗೆ ಸುಮಾರು ಒಂದು ಕೋಟಿ ವೋಲ್ಟು! ಒಣಗಾಳಿಯಲ್ಲಿ ಕಿಡಿ ಹಾರಲು ಸುಮಾರು ಮೂವತ್ತು ಲಕ್ಷ ಸಾಕು.

ನೀರಿಗಾದರೋ ಹಾದಿ ಅಷ್ಟು ಕಠಿನವಲ್ಲ. ಲವಣ ಕಡಿಮೆಯಿರುವ ಕಡೆಯಿಂದ ಹೆಚ್ಚಿರುವ ಕಡೆಗೆ ನೀರು ಪೊರೆಯ ಮೂಲಕ ಸಾಗುವುದೇ ಅಭಿಸರಣೆ. ಶುದ್ಧ ನೀರಿನಿಂದ ಬೇರ್ಪಡಿಸಿಟ್ಟರೆ ನಮ್ಮ ರಕ್ತದ್ರವವು ತೋರಬಲ್ಲ ಅಭಿಸರಣ ಒತ್ತಡವು ವಾಯುಮಂಡಲದ ಒತ್ತಡದ ಸುಮಾರು ಏಳೂವರೆ ಪಟ್ಟು, ಅಂದರೆ ಎಪ್ಪತ್ತೈದು ಮೀಟರಿಗೂ ಎತ್ತರವಾದ ನೀರಿನ ಕಂಬದ ಒತ್ತಡ. ಕೆಂಪು ರಕ್ತಕೋಶವನ್ನು ಶುದ್ಧ ನೀರಿಗೆ ಹಾಕಿದರೆ ಅದು ಉಬ್ಬಿ ಒಡೆಯುವುದು ಈ ಕಾರಣದಿಂದಲೇ. ಆಸ್ಪತ್ರೆಯಲ್ಲಿ ನಾಳಕ್ಕೆ ಏರಿಸುವ ಸಲೈನಿನಲ್ಲಿ ಲೀಟರಿಗೆ ೯ ಗ್ರಾಂ ಉಪ್ಪು ಇರುವುದೂ ಇದಕ್ಕಾಗಿಯೇ.

ಅಭಿಸರಣ ಒತ್ತಡಕ್ಕಿಂತ ಹೆಚ್ಚಿನ ಒತ್ತಡವನ್ನು ಲವಣದ ಕಡೆಯಿಂದ ನಾವೇ ಹೇರಿದರೆ ನೀರು ಹಿಮ್ಮುಖವಾಗಿ ಹರಿಯುವುದು. ಲವಣ ಹಿಂದೆ ಉಳಿಯುವುದು. ಇದಕ್ಕೆ ಒದಗುವ ಕೃತಕ ಪೊರೆಯನ್ನು ೧೯೬೦ರ ಸುಮಾರಿನಲ್ಲಿ ಕ್ಯಾಲಿಫೋರ್ನಿಯದಲ್ಲಿ ಸಿದ್ಧಪಡಿಸಿದವರು ಸಿಡ್ನಿ ಲೋಬ್ ಮತ್ತು ಭಾರತದಲ್ಲಿ ಜನಿಸಿದ ಸೌರಿರಾಜನ್. ನಾಣ್ಯ ಹಾಕಿದರೆ ಕ್ಯಾನು ತುಂಬುವ ಹಳ್ಳಿಯ ಶುದ್ಧ ನೀರಿನ ಘಟಕದೊಳಗೆ ಸಾಮಾನ್ಯವಾಗಿ ನಡೆಯುವುದು ಈ ಕ್ರಿಯೆಯೇ. ಜನರು ಅದನ್ನು ‘ಫಿಲ್ಟರ್ ನೀರು’ ಎನ್ನುವರು. ಆದರೆ ಬಟ್ಟೆಯಲ್ಲಿ ಸೋಸುವುದಕ್ಕೂ ಇದಕ್ಕೂ ಅಗಾಧವಾದ ಅಂತರವುಂಟು.

ಹಾಗಾದರೆ ಅಯಾನುಗಳನ್ನು ತಡೆಯುವ ಪೊರೆಯನ್ನು ದಾಟಿ ಫ್ಲೋರೈಡ್ ದೇಹದೊಳಗೆ ಹೇಗೆ ಸೇರುತ್ತದೆ? ಜಠರದಲ್ಲಿ ಆಮ್ಲವು ತೀವ್ರವಾಗಿದೆ. ಅಲ್ಲಿ ಫ್ಲೋರೈಡಿನ ಬಹುಭಾಗವು ಜಲಜನಕದೊಡನೆ ಕೂಡಿ, ಆವೇಶವಿಲ್ಲದ ಸಣ್ಣ ಅಣುವಾಗುತ್ತದೆ. ಆವೇಶ ಕಳೆದ ಅಣುವಿಗೆ ಕೊಬ್ಬಿನ ಪದರವು ತಡೆಯೇ ಅಲ್ಲ. ಹೀಗೆ ಅದು ಜಠರದ ಒಳಮೈಯನ್ನು ಹೊದೆದಿರುವ ಅನುಲೇಪಕ ಅಂಗಾಂಶವನ್ನು ದಾಟುತ್ತದೆ. ಉಳಿದುದು ಮುಂದೆ ಸಣ್ಣಕರುಳಿನಲ್ಲಿ ಹೀರಲ್ಪಡುತ್ತದೆ. ರಕ್ತದಲ್ಲಿ ಆಮ್ಲತೆಯಿಲ್ಲವಾದುದರಿಂದ ಅದು ಮತ್ತೆ ಅಯಾನಾಗುತ್ತದೆ. ರಕ್ತವೂ ಮೂಳೆಯೂ ಸಂಯೋಜಕ ಅಂಗಾಂಶಗಳೇ. ಮೂತ್ರಪಿಂಡಗಳು ಒಂದಷ್ಟನ್ನು ಹೊರಹಾಕಿದರೂ, ಉಳಿದುದು ಮೂಳೆಯ ಹರಳುಗಳಲ್ಲಿ ಹೈಡ್ರಾಕ್ಸಿಲಿನ ಸ್ಥಾನವನ್ನು ಆಕ್ರಮಿಸುವುದು. ಎರಡು ಅಯಾನುಗಳ ಗಾತ್ರವೂ ಹೆಚ್ಚು ಕಡಿಮೆ ಒಂದೇ. ವರ್ಷಾನುಗಟ್ಟಲೆ ಹೀಗಾದರೆ ಕೀಲುಗಳು ಬಿಗಿಯುವುವು. ಬೆನ್ನುಹುರಿಯ ಬಳಿ ಮೂಳೆ ಬೆಳೆದು ನರ ಅಂಗಾಂಶವನ್ನು ಒತ್ತಿದರೆ ಸ್ನಾಯುಗಳೂ ಶಕ್ತಿಗುಂದುವುವು. ನಾಲ್ಕು ಬಗೆಯ ಅಂಗಾಂಶಗಳೆಂದು ಪುಸ್ತಕದಲ್ಲಿ ಪಟ್ಟಿ ಮಾಡಿದುದು ಇಲ್ಲಿ ಒಂದೇ ಕಥೆಯಾಗಿ ಸೇರಿಕೊಳ್ಳುತ್ತದೆ. ಹಲ್ಲಿನ ಎನಾಮೆಲನ್ನು ನಿರ್ಮಿಸುವ ಕೋಶಗಳು ಕೆಲಸ ಮುಗಿದೊಡನೆ ಇಲ್ಲವಾಗುವುದರಿಂದ, ಬಾಲ್ಯದಲ್ಲಿ ಮೂಡಿದ ದೋಷವನ್ನು ದೇಹವು ತಾನೇ ಸರಿಪಡಿಸಿಕೊಳ್ಳಲಾರದು. ಹೀಗಿರಲು, ಮಕ್ಕಳ ನೀರಿನ ವಿಚಾರದಲ್ಲಿ ತಡಮಾಡುವುದು ಸಲ್ಲದು.

ಇಷ್ಟನ್ನು ತಿಳಿದ ವಿದ್ಯಾರ್ಥಿಯು ಮೂರು ತಪ್ಪು ನಂಬಿಕೆಗಳನ್ನು ತನ್ನ ಮನೆಯಲ್ಲಿಯೇ ತಿದ್ದಬಹುದು. ಮೊದಲನೆಯದು, ಕಾಯಿಸಿ ಆರಿಸಿದ ನೀರು ಎಲ್ಲ ದೋಷಗಳಿಂದ ಮುಕ್ತವೆಂಬುದು. ಕುದಿಸಿದರೆ ರೋಗಾಣುಗಳು ಸಾಯುವುವು, ನಿಜ. ಆದರೆ ಆವಿಯಾಗುವುದು ನೀರು, ಉಳಿಯುವುದು ಫ್ಲೋರೈಡು. ಎರಡನೆಯದು, ‘ಟಿ.ಡಿ.ಎಸ್.’ ಮೀಟರಿನ ಅಂಕಿ ಕಡಿಮೆಯಿದ್ದರೆ ಫ್ಲೋರೈಡೂ ಕಡಿಮೆಯೆಂಬುದು. ಆ ಸಾಧನವು ಅಳೆಯುವುದು ನೀರಿನ ವಿದ್ಯುದ್ವಾಹಕತೆಯನ್ನು. ಎಲ್ಲ ಅಯಾನುಗಳೂ ಸೇರಿ ತೋರುವ ಅಂಕಿಯಲ್ಲಿ ಒಂದೆರಡು ಮಿಲಿಗ್ರಾಂ ಫ್ಲೋರೈಡಿನ ಸುಳಿವು ಸಿಕ್ಕುವುದಿಲ್ಲ. ಅದಕ್ಕೆ ಪ್ರತ್ಯೇಕ ಪರೀಕ್ಷೆಯೇ ಆಗಬೇಕು. ಮೂರನೆಯದು, ಘಟಕವು ಫ್ಲೋರೈಡನ್ನು ನಾಶಮಾಡುತ್ತದೆಂಬುದು. ಪೊರೆಯು ಬೇರ್ಪಡಿಸುತ್ತದೆಯೇ ಹೊರತು ನಾಶಮಾಡುವುದಿಲ್ಲ. ಹಿಂದುಳಿದ ನೀರಿನಲ್ಲಿ ಅದು ಮೊದಲಿಗಿಂತ ಸಾಂದ್ರವಾಗಿರುವುದು. ಆ ನೀರು ಎಲ್ಲಿಗೆ ಹೋಗುತ್ತಿದೆಯೆಂದು ವಿಚಾರಿಸುವುದು ಗ್ರಾಮದವರೆಲ್ಲರ ಕರ್ತವ್ಯ.

ಪಠ್ಯಕ್ರಮವು ಈಗಾಗಲೇ ಭಾರವಾಗಿದೆ, ಮತ್ತಷ್ಟು ಹೊರಿಸುವುದೇಕೆ ಎಂದು ಕೆಲವರು ಕೇಳಬಹುದು. ಜಲಾಶಯದ ನೀರು ಮನೆಮನೆಗೂ ಬಂದರೆ ಈ ತೊಂದರೆಯೇ ಇರದೆಂದೂ ಹೇಳಬಹುದು. ಮೇಲ್ಮೈ ನೀರಿನಲ್ಲಿ ಸಾಮಾನ್ಯವಾಗಿ ಫ್ಲೋರೈಡ್ ಕಡಿಮೆ. ೧೯೦೭ರಲ್ಲಿ ವೇದಾವತಿಗೆ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ ಇದೇ ತಾಲ್ಲೂಕಿನಲ್ಲಿದೆ. ಆದರೆ ೧೯೩೩ರಲ್ಲಿ ಕೋಡಿ ಹರಿದ ಆ ಜಲಾಶಯವು ಮತ್ತೆ ಕೋಡಿ ಹರಿದುದು ೨೦೨೨ರಲ್ಲಿ. ಮಳೆ ಇಷ್ಟು ಅನಿಶ್ಚಿತವಾದ ನಾಡಿನಲ್ಲಿ ಭೂಜಲದ ಹಂಗು ಪೂರ್ತಿ ತಪ್ಪುವುದೆಂದು ನಂಬಿ ಕುಳಿತಿರುವುದು ವಿವೇಕವಲ್ಲ. ಪಾಠವನ್ನು ಹೆಚ್ಚಿಸಬೇಕೆಂದೂ ನಾನು ಹೇಳುತ್ತಿಲ್ಲ. ಒಂದು ತರಗತಿಯ ಮಕ್ಕಳನ್ನು ಊರಿನ ಘಟಕಕ್ಕೆ ಕರೆದೊಯ್ದು, ಒತ್ತಡಮಾಪಕವನ್ನು ಓದಿಸಿ, ಒಳಕ್ಕೆ ಹೋದ ನೀರೆಷ್ಟು, ಕುಡಿಯಲು ಬಂದುದೆಷ್ಟು, ಚರಂಡಿಗೆ ಹೋದುದೆಷ್ಟು ಎಂದು ಲೆಕ್ಕ ಮಾಡಿಸಲಿ. ಮೂರರಲ್ಲಿಯೂ ಫ್ಲೋರೈಡ್ ಎಷ್ಟೆಂದು ಪರೀಕ್ಷಿಸಲಿ. ಜೀವಶಾಸ್ತ್ರದ ಅಧ್ಯಾಪಕರೂ ಭೌತಶಾಸ್ತ್ರದ ಅಧ್ಯಾಪಕರೂ ಆ ದಿನ ಜೊತೆಗೂಡಿ ಹೋಗಲಿ. ಆ ಬಳಿಕ ಬರೆದ ಕೋಶದ ಚಿತ್ರದಲ್ಲಿ ಸುತ್ತಲಿನ ಗೆರೆಯು ಬರಿಯ ಗೆರೆಯಾಗಿ ಉಳಿಯುವುದಿಲ್ಲ.