ಜಾಲ ವಿಚಾರ ಸಂಕಿರಣ: ಚರ್ಚೆಗೆ ಉಳಿದ ಅವಕಾಶವೆಷ್ಟು?

2020ರ ಮಾರ್ಚ್ ತಿಂಗಳಲ್ಲಿ ಲಾಕ್‌ಡೌನ್‌ನಿಂದಾಗಿ ವಿಶ್ವವಿದ್ಯಾಲಯಗಳು ಬಾಗಿಲು ಮುಚ್ಚಿದಾಗ ಕನ್ನಡ ವಿಭಾಗಗಳ ವಿಚಾರ ಸಂಕಿರಣಗಳು ಜೂಮ್, ಗೂಗಲ್ ಮೀಟ್‌ಗಳಂತಹ ವೇದಿಕೆಗಳನ್ನು ಆಶ್ರಯಿಸಿದವು. ಅನಿವಾರ್ಯತೆಯಿಂದ ಬಂದ ಈ ಪದ್ಧತಿ ತರಗತಿಗಳು ಮತ್ತೆ ಆರಂಭವಾದ ಮೇಲೂ ಉಳಿದುಕೊಂಡಿತು. ಅದನ್ನು ಕುರಿತ ಅಭಿಪ್ರಾಯಗಳು ಎರಡು ತುದಿಗಳಲ್ಲಿವೆ. ಜ್ಞಾನ ಎಲ್ಲರಿಗೂ ಎಟುಕಿತೆಂಬ ಸಂಭ್ರಮ ಒಂದೆಡೆಯಾದರೆ, ವಿದ್ವತ್ತಿನ ಗಾಂಭೀರ್ಯ ಕುಸಿಯಿತೆಂಬ ವಿಷಾದ ಇನ್ನೊಂದೆಡೆ. ಎರಡೂ ನಿಲುವುಗಳು ಮಾಧ್ಯಮವನ್ನು ಕುರಿತು ಮಾತನಾಡುತ್ತವೆಯೇ ಹೊರತು ಸಂಕಿರಣದ ಉದ್ದೇಶವನ್ನು ಕುರಿತು ಅಲ್ಲ.

ಸಂಕಿರಣವೆಂದರೆ ಒಂದು ವಿಚಾರವನ್ನು ಬಲ್ಲವರ ಮುಂದಿಟ್ಟು ಪರೀಕ್ಷೆಗೆ ಒಡ್ಡುವ ಕ್ರಮ. ಕವಿರಾಜಮಾರ್ಗದ ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂಬ ಪ್ರಶ್ನೆಯಾಗಲಿ, ಹಲ್ಮಿಡಿ ಶಾಸನದ ಕಾಲನಿರ್ಣಯವಾಗಲಿ ಬೆಳೆದು ಬಂದುದು ಒಬ್ಬರ ವಾದಕ್ಕೆ ಮತ್ತೊಬ್ಬರು ಎತ್ತಿದ ಆಕ್ಷೇಪಗಳ ಮೂಲಕ. ಆಕ್ಷೇಪಕ್ಕೆ ಎಡೆಯಿಲ್ಲದ ಮಂಡನೆ ಉಪನ್ಯಾಸವಾಗುತ್ತದೆ, ಸಂಕಿರಣವಾಗುವುದಿಲ್ಲ.

ಈ ಅಳತೆಗೋಲಿನಿಂದ ನೋಡಿದರೆ ಜಾಲಗೋಷ್ಠಿಗೆ ಕೆಲವು ನೈಜ ಅನುಕೂಲಗಳಿವೆ. ಸಭಾಂಗಣದ ಹಿಂದಿನ ಸಾಲಿನವರಿಗೆ ಕಾಣದ ಓಲೆಗರಿಯ ಅಕ್ಷರ, ಶಾಸನದ ಪಡಿಯಚ್ಚು ಪ್ರತಿಯೊಬ್ಬರ ತೆರೆಯ ಮೇಲೆ ಹಿಗ್ಗಿ ಕಾಣುತ್ತದೆ. ಕಾಸರಗೋಡು, ಮುಂಬಯಿ, ಮದ್ರಾಸುಗಳಲ್ಲಿ ಕನ್ನಡ ಅಧ್ಯಯನ ನಡೆಸುವವರು ಪ್ರಯಾಣದ ವೆಚ್ಚವಿಲ್ಲದೆ ಪಾಲ್ಗೊಳ್ಳಬಹುದು. ಎಳೆಯ ಮಕ್ಕಳನ್ನು ಬಿಟ್ಟು ಎರಡು ದಿನ ಊರು ಬಿಡಲಾಗದ ಸಂಶೋಧಕಿಗೂ ಬಾಗಿಲು ತೆರೆದಿದೆ. ಇವನ್ನು ಅಲ್ಲಗಳೆಯುವುದು ನ್ಯಾಯವಲ್ಲ.

ಆದರೆ ಬಹುತೇಕ ಗೋಷ್ಠಿಗಳ ನಡಾವಳಿಯನ್ನು ಗಮನಿಸಬೇಕು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಆಶಯ ಭಾಷಣ, ಅಧ್ಯಕ್ಷೀಯ ನುಡಿಗಳು ಸಭಾಂಗಣದಿಂದ ತೆರೆಗೆ ಯಥಾವತ್ತಾಗಿ ಬಂದಿವೆ. ಪ್ರಬಂಧ ಮಂಡನೆಗೆ ಹತ್ತು ನಿಮಿಷ, ಚರ್ಚೆಗೆ ಸಮಯಾಭಾವ. ಮಂಡನೆ ಮುಗಿಯುತ್ತಿದ್ದಂತೆ ಸಂದೇಶ ಪಟ್ಟಿಯಲ್ಲಿ ಅಭಿನಂದನೆಗಳು ಸಾಲುಗಟ್ಟುತ್ತವೆ. ನಡುವೆ ಯಾರೋ ಬರೆದ ಒಂದು ಗಂಭೀರ ಪ್ರಶ್ನೆ ಆ ಸಾಲಿನಲ್ಲಿ ಮೇಲೆ ಸರಿದು ಮರೆಯಾಗುತ್ತದೆ. ಕೊನೆಗೆ ಅಭಿಪ್ರಾಯ ನಮೂನೆಯ ಕೊಂಡಿ ಬರುತ್ತದೆ; ಅದನ್ನು ತುಂಬಿದವರಿಗೆ ಪ್ರಮಾಣಪತ್ರ ದೊರೆಯುತ್ತದೆ. ಸಭಾಂಗಣದಲ್ಲಾದರೆ ಊಟದ ಸರದಿಯಲ್ಲಿ ನಿಂತಾಗಲಾದರೂ ಹಿರಿಯರೊಬ್ಬರು ಸಂಶೋಧನಾರ್ಥಿಯನ್ನು ಕರೆದು ನೋಡಬೇಕಾದ ಆಕರವೊಂದನ್ನು ಸೂಚಿಸುತ್ತಿದ್ದರು. ತೆರೆ ಆರಿದೊಡನೆ ಆ ಸಾಧ್ಯತೆಯೂ ಆರಿಹೋಗುತ್ತದೆ.

ಇದಕ್ಕೆ ಯಂತ್ರವನ್ನು ಮಾತ್ರ ದೂರಲಾಗದು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2016ರ ಪಿಎಚ್.ಡಿ. ನಿಯಮಾವಳಿಯು ಮಹಾಪ್ರಬಂಧ ಸಲ್ಲಿಸುವ ಮೊದಲು ಎರಡು ಪ್ರಬಂಧ ಮಂಡನೆಗಳನ್ನು ಕಡ್ಡಾಯಗೊಳಿಸಿತ್ತು. 2018ರ ನಿಯಮಾವಳಿಯು ಅಧ್ಯಾಪಕರ ಮಂಡನೆಗಳಿಗೆ ವಿದೇಶದ ಅಂತಾರಾಷ್ಟ್ರೀಯ ಗೋಷ್ಠಿಯಾದರೆ 7, ದೇಶದೊಳಗಿನ ಅಂತಾರಾಷ್ಟ್ರೀಯ ಗೋಷ್ಠಿಯಾದರೆ 5, ರಾಷ್ಟ್ರೀಯವಾದರೆ 3, ರಾಜ್ಯ ಮಟ್ಟದ್ದಾದರೆ 2 ಎಂದು ಅಂಕ ನಿಗದಿಪಡಿಸಿತು. ಅಂಕ ಗೋಷ್ಠಿಯ ಮಟ್ಟಕ್ಕೆ ಸಂದಿತೇ ವಿನಾ ಚರ್ಚೆಯ ಗುಣಕ್ಕೆ ಸಲ್ಲಲಿಲ್ಲ. ಹೀಗಿರುವಾಗ ಹೊರದೇಶದಲ್ಲಿ ನೆಲೆಸಿದ ಒಬ್ಬ ಕನ್ನಡಿಗರು ತೆರೆಯ ಮೇಲೆ ಬಂದರೂ ಸಾಕು, ಆಹ್ವಾನ ಪತ್ರಿಕೆಗೆ 'ಅಂತಾರಾಷ್ಟ್ರೀಯ' ಎಂಬ ವಿಶೇಷಣ ಅಂಟಿಕೊಳ್ಳುವುದು ಆಶ್ಚರ್ಯವಲ್ಲ. 2022ರ ಪಿಎಚ್.ಡಿ. ನಿಯಮಾವಳಿ ಮಂಡನೆಯ ಕಡ್ಡಾಯವನ್ನು ಕೈಬಿಟ್ಟಿತು. ಪ್ರಮಾಣಪತ್ರದ ಮೋಹ ಮಾತ್ರ ಅಷ್ಟು ಬೇಗ ಬಿಡುವಂಥದಲ್ಲ.

ಇದರ ನಷ್ಟ ಹೆಚ್ಚಾಗಿ ತಟ್ಟುವುದು ಸಂಶೋಧನಾರ್ಥಿಗೆ. ಹಲವು ಗೋಷ್ಠಿಗಳಲ್ಲಿ ಮಂಡಿಸಿ, ಒಂದೂ ಆಕ್ಷೇಪವನ್ನು ಎದುರಿಸದೆ ಮಹಾಪ್ರಬಂಧ ಬರೆದವರು ಮೊದಲ ಕಠಿಣ ಪ್ರಶ್ನೆಯನ್ನು ಮೌಖಿಕ ಪರೀಕ್ಷೆಯಲ್ಲಿ ಕೇಳುವಂತಾದರೆ, ತಿದ್ದಿಕೊಳ್ಳುವ ಕಾಲ ಅಷ್ಟರಲ್ಲಿ ಮೀರಿರುತ್ತದೆ.

ಪರಿಹಾರಕ್ಕೆ ಹೆಚ್ಚಿನ ಹಣ ಬೇಕಾಗಿಲ್ಲ. ಪ್ರಬಂಧಗಳನ್ನು ವಾರದ ಮೊದಲೇ ಭಾಗಿಗಳಿಗೆ ಕಳುಹಿಸಬೇಕು. ದಿನಕ್ಕೆ ಮೂರು ನಾಲ್ಕು ಪ್ರಬಂಧಗಳು ಸಾಕು. ಪ್ರತಿಯೊಂದನ್ನೂ ಓದಿಕೊಂಡು ಬಂದು ಪ್ರತಿಕ್ರಿಯಿಸುವ ಹೊಣೆಯನ್ನು ಹೊರಗಿನ ವಿಭಾಗದ ಒಬ್ಬರಿಗೆ ಒಪ್ಪಿಸಿ, ಒಟ್ಟು ಕಾಲದ ಅರ್ಧವನ್ನು ಚರ್ಚೆಗೆ ಮೀಸಲಿಡಬೇಕು. ಮಹಾಪ್ರಬಂಧ ಸಲ್ಲಿಕೆಗೆ ಮುನ್ನ ವಿಭಾಗದಲ್ಲಿ ನಡೆಯುವ ಮಂಡನೆಗೂ ಆಯಾ ವಿಷಯದ ತಜ್ಞರನ್ನು ತೆರೆಯ ಮೂಲಕ ಆಹ್ವಾನಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಧ್ವನಿಮುದ್ರಿತವಾದ ಪ್ರಶ್ನೋತ್ತರಗಳನ್ನು ಲಿಪ್ಯಂತರಿಸಿ ಪ್ರಬಂಧದ ಜೊತೆಗೇ ವಿಭಾಗದ ಪತ್ರಿಕೆಯಲ್ಲಿ ಅಚ್ಚು ಮಾಡಬೇಕು.

ಸಭಾಂಗಣದ ಚರ್ಚೆಗಳು ಬಹುಮಟ್ಟಿಗೆ ಗಾಳಿಯಲ್ಲಿ ಲೀನವಾದವು. ಅವನ್ನು ಸುಲಭವಾಗಿ ದಾಖಲಿಸುವ ಸಾಧನ ವಿಭಾಗಗಳ ಕೈಗೆ ಬಂದಿರುವ ಹೊತ್ತಿನಲ್ಲಿ, ದಾಖಲಿಸಲು ಚರ್ಚೆಯೇ ಇಲ್ಲದಂತಾಗಬಾರದು.