ದೇವಾಲಯದ ಮೆಟ್ಟಿಲ ಮೇಲೆ ಬಿದ್ದ ಹುಡುಗ

ಕೆಲವು ವಾರಗಳ ಹಿಂದೆ ಭಾನುವಾರದ ಬಲಿಪೂಜೆ ಮುಗಿದು ಜನರೆಲ್ಲ ಚದುರಿದ ಮೇಲೆ ತಾಯಿಯೊಬ್ಬರು ದೇವಾಲಯದ ಬಾಗಿಲ ಬಳಿ ಕಾದು ನಿಂತಿದ್ದರು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅವರ ಮಗ ರಜೆಗೆಂದು ಹುಳಿಯಾರಿಗೆ ಬಂದಿದ್ದ. ಅವನ ಮೊಬೈಲಿನ ತುಂಬ ಲಾಂಗು ಹಿಡಿದ ಚಿತ್ರನಾಯಕರ ಪಟಗಳೇ ಇದ್ದುವಂತೆ. "ಸ್ವಾಮಿ, ಇಂಥ ಸಿನಿಮಾ ನೋಡಬೇಡಿ ಅಂತ ನೀವಾದರೂ ಪ್ರಬೋಧನೆಯಲ್ಲಿ ಹೇಳಿ" ಎಂದರು. "ಆಗಲಿ ಅಮ್ಮ" ಎಂದೆ. ಆದರೆ ಮರುವಾರ ಹೇಳಲು ನಿಂತಾಗ ಆ ಮಾತು ಬಾಯಿಗೆ ಬರಲಿಲ್ಲ. ಏಕೆಂಬುದನ್ನು ಇಲ್ಲಿ ನಿವೇದಿಸಿಕೊಳ್ಳುತ್ತೇನೆ.

ಸೆಮಿನರಿಯಲ್ಲಿ ತತ್ವಶಾಸ್ತ್ರ ಓದುತ್ತಿದ್ದ ಕಾಲದಲ್ಲಿ ನಾನು ನೋಡಿದ ಒಂದು ಹಳೆಯ ಅಮೆರಿಕನ್ ಚಿತ್ರ ಇಂದಿಗೂ ನೆನಪಿನಲ್ಲಿದೆ. 1931ರಲ್ಲಿ ತೆರೆಕಂಡ 'ಲಿಟಲ್ ಸೀಸರ್' ಅದರ ಹೆಸರು. ಎಡ್ವರ್ಡ್ ಜಿ. ರಾಬಿನ್ಸನ್ ನಾಯಕ. ಕತ್ತಿ ಹಿಡಿದವರು ಕತ್ತಿಯಿಂದಲೇ ನಾಶವಾಗುವರೆಂಬ ಮತ್ತಾಯನ ಶುಭಸಂದೇಶದ ಎಚ್ಚರಿಕೆಯೊಂದಿಗೆ ಚಿತ್ರ ಆರಂಭವಾಗುತ್ತದೆ. ರಿಕೋ ಎಂಬ ಸಣ್ಣ ಕಳ್ಳ ಪೆಟ್ರೋಲ್ ಬಂಕೊಂದನ್ನು ದೋಚಿ ಹೋಟೆಲಿನಲ್ಲಿ ಕುಳಿತಿದ್ದಾನೆ. ಕೈಯಲ್ಲಿರುವ ಪತ್ರಿಕೆಯಲ್ಲಿ, ನಗರದ ಪಾತಕಿ ದೊರೆಯೊಬ್ಬನಿಗೆ ಔತಣವಿತ್ತು ಸನ್ಮಾನಿಸಿದ ಸುದ್ದಿ. ಅದನ್ನೋದಿದ ರಿಕೋನ ಕಣ್ಣು ಹೊಳೆಯುತ್ತದೆ. ಅವನು ಮಹಾನಗರಕ್ಕೆ ಹೋಗಿ ಒಂದು ಗುಂಪನ್ನು ಸೇರುತ್ತಾನೆ, ಅದರ ನಾಯಕನನ್ನೇ ತಳ್ಳಿ ತಾನು ನಾಯಕನಾಗುತ್ತಾನೆ. ಒಂದು ದಿನ ಅವನ ಹೆಸರಿನಲ್ಲಿಯೂ ಔತಣ ನಡೆಯುತ್ತದೆ. ಕೊನೆಗೆ ಎಲ್ಲವನ್ನೂ ಕಳೆದುಕೊಂಡು ಕಂಗಾಲರ ವಸತಿಯಲ್ಲಿ ಅಡಗಿರುವಾಗ, ಪೊಲೀಸರು ತನ್ನನ್ನು ಹೇಡಿಯೆಂದು ಕರೆದ ಸುದ್ದಿ ಕಿವಿಗೆ ಬೀಳುತ್ತದೆ. ಸಹಿಸಲಾರದೆ ಅವರಿಗೆ ತಾನೇ ದೂರವಾಣಿ ಮಾಡಿ ಸಿಕ್ಕಿಬೀಳುತ್ತಾನೆ. ಗುಂಡು ತಗುಲಿ ಬಿದ್ದವನ ಕೊನೆಯ ಉದ್ಗಾರದಲ್ಲಿ ಕರುಣೆಯ ಮಾತೆಯ ಹೆಸರಿದೆ.

ಹಣಕ್ಕಿಂತ ಹೆಚ್ಚಾಗಿ ರಿಕೋ ಬಯಸಿದ್ದು ಗೌರವವನ್ನು. ಔತಣದ ಸುದ್ದಿ ಅವನನ್ನು ಎಬ್ಬಿಸಿತು, ಹೇಡಿಯೆಂಬ ಸುದ್ದಿ ಬೀಳಿಸಿತು. ಮಾನವನು ಕೆಡುಕನ್ನು ಕೆಡುಕೆಂದೇ ಬಯಸುವುದಿಲ್ಲ, ಅದರಲ್ಲಿ ಯಾವುದೋ ಒಳಿತಿನ ಛಾಯೆಯನ್ನು ಕಂಡು ಬಯಸುತ್ತಾನೆ ಎಂಬುದು ಸಂತ ಥಾಮಸ್ ಅಕ್ವಿನಾಸರ ಬೋಧನೆ. ಗೌರವದಲ್ಲಿ ಪರಮಸುಖವಿಲ್ಲವೆಂದು ಹೇಳುವಾಗ ಅವರು ಕೊಡುವ ಕಾರಣವೂ ಸೂಕ್ಷ್ಮವಾದುದು: ಗೌರವವಿರುವುದು ಅದನ್ನು ಪಡೆಯುವವನಲ್ಲಲ್ಲ, ಕೊಡುವವನಲ್ಲಿ. ಕೊಡುವವನು ಕೈ ಹಿಂದೆಗೆದರೆ ಪಡೆದವನು ಬರಿದಾಗುತ್ತಾನೆ. ಭಯದಿಂದ ಕಿತ್ತುಕೊಂಡ ಗೌರವವಂತೂ ಭಯವಿರುವಷ್ಟು ದಿನ ಮಾತ್ರ.

ಇಂಥ ಚಿತ್ರಗಳ ಬಗ್ಗೆ ಧರ್ಮಸಭೆ ಸುಮ್ಮನಿರಲಿಲ್ಲ. ಅಮೆರಿಕದ ಚಿತ್ರೋದ್ಯಮ 1930ರಲ್ಲಿ ಒಪ್ಪಿಕೊಂಡ ನೀತಿಸಂಹಿತೆಯನ್ನು ರಚಿಸುವಲ್ಲಿ ಡೇನಿಯಲ್ ಲಾರ್ಡ್ ಎಂಬ ಯೇಸುಸಭೆಯ ಗುರುಗಳೂ ಮಾರ್ಟಿನ್ ಕ್ವಿಗ್ಲಿ ಎಂಬ ಕಥೋಲಿಕ ಪ್ರಕಾಶಕರೂ ಮುಖ್ಯರು. ಪ್ರೇಕ್ಷಕನ ಸಹಾನುಭೂತಿ ಪಾತಕದ ಕಡೆಗೆ ವಾಲಬಾರದೆಂಬುದು ಅದರ ಒಂದು ಮೂಲಸೂತ್ರ. 1934ರಿಂದ ಅದು ಬಿಗಿಯಾಗಿ ಜಾರಿಗೆ ಬಂತು. 1936ರಲ್ಲಿ ಜಗದ್ಗುರು ಹನ್ನೊಂದನೇ ಪಿಯುಸ್‌ರವರು 'ವಿಜಿಲಾಂತಿ ಕೂರಾ' ಎಂಬ ವಿಶ್ವಪತ್ರವನ್ನು ಸಿನಿಮಾದ ವಿಷಯಕ್ಕೇ ಮೀಸಲಿಟ್ಟರು. ಈ ಶ್ರಮವನ್ನು ನಾನು ಲಘುವಾಗಿ ಕಾಣುವವನಲ್ಲ. ಆದರೆ ಪಾತಕಿಗೆ ಕೊನೆಯ ದೃಶ್ಯದಲ್ಲಿ ಶಿಕ್ಷೆಯಾದರೆ ನೋಡುಗ ಪಾಠ ಕಲಿಯುವನೆಂಬ ನಂಬಿಕೆ ಎಷ್ಟು ಗಟ್ಟಿ? ಒಂದು ತಾಸಿನ ಮೆರವಣಿಗೆಯನ್ನು ಒಂದು ನಿಮಿಷದ ಸಾವು ಅಳಿಸಲಾರದು. ಆ ಸಂಹಿತೆ 1968ರಲ್ಲಿ ಕೊನೆಗೊಂಡಿತು. ಅದಕ್ಕೆ ಮುನ್ನವೇ, 1963ರಲ್ಲಿ, ಎರಡನೇ ವ್ಯಾಟಿಕನ್ ಮಹಾಸಭೆಯು ಮಾಧ್ಯಮಗಳ ಕುರಿತ ತನ್ನ ಆದೇಶಪತ್ರದಲ್ಲಿ ನೋಡುವವರ, ಅದರಲ್ಲೂ ಯುವಜನರ, ಶಿಕ್ಷಣಕ್ಕೆ ಒತ್ತು ಕೊಟ್ಟಿತ್ತು.

ನಮ್ಮ ಕನ್ನಡದಲ್ಲಿಯೂ ಈ ಕಥೆ ಬೇರೂರಿದೆ. 1995ರಲ್ಲಿ ಬಂದ ಉಪೇಂದ್ರರ 'ಓಂ' ಪುರೋಹಿತರ ಮನೆಯ ಮಗ ರೌಡಿಯಾಗುವುದನ್ನು ತೋರಿಸಿತು. ಬೆಂಗಳೂರಿನ ಭೂಗತಲೋಕದಲ್ಲಿದ್ದವರೇ ಕೆಲವರು ಅದರಲ್ಲಿ ಕಾಣಿಸಿಕೊಂಡರು. ಅದೆಷ್ಟೋ ಬಾರಿ ಮರುಬಿಡುಗಡೆಯಾದ ಚಿತ್ರವದು. 2005ರ 'ಜೋಗಿ' ನಮ್ಮಂಥ ಊರುಗಳಿಗೆ ಇನ್ನೂ ಹತ್ತಿರದ್ದು. ಹಳ್ಳಿಯ ಹುಡುಗ ಮಾದೇಶ ದುಡಿಯಲು ಬೆಂಗಳೂರಿಗೆ ಹೋಗಿ ಲಾಂಗು ಹಿಡಿಯುತ್ತಾನೆ. ಅವನನ್ನು ಹುಡುಕುತ್ತ ಬಂದ ತಾಯಿ ಅದೇ ನಗರದಲ್ಲಿ ಅಲೆದು, ಮಗನ ಮುಖ ಕಾಣದೆಯೇ ಸಾಯುತ್ತಾಳೆ. ಯಾರದೋ ಹೆಣವೆಂದು ತಿಳಿದು ಮಗ ಆ ಶವಯಾತ್ರೆಯ ಮುಂದೆ ಕುಣಿಯುತ್ತಾನೆ. ಅರುಂಧತಿ ನಾಗ್ ಅವರ ಆ ತಾಯಿಯನ್ನು ಕಂಡು ಚಿತ್ರಮಂದಿರಗಳು ಅತ್ತವು. ಆದರೂ ಯುವಕರು ಅನುಕರಿಸಿದ್ದು ನಾಯಕನ ಉದ್ದಗೂದಲನ್ನು, ತಾಯಿಯ ಕಣ್ಣೀರನ್ನಲ್ಲ.

ಹಾಗಾದರೆ ನಮ್ಮ ಮಕ್ಕಳನ್ನು ಕಾಯುವುದು ಯಾವುದು? 'ಲಿಟಲ್ ಸೀಸರ್' ಚಿತ್ರದಲ್ಲಿಯೇ ಬಹಳ ಜನ ಮರೆಯುವ ಒಂದು ದೃಶ್ಯವಿದೆ. ರಿಕೋನ ಗುಂಪಿನಲ್ಲಿ ಕಾರು ಓಡಿಸುತ್ತಿದ್ದ ಟೋನಿ ಎಂಬ ಹುಡುಗ ಒಂದು ಕೊಲೆಯಾದ ಮೇಲೆ ಅಂಜಿ ಮನೆ ಸೇರುತ್ತಾನೆ. ತಾಯಿ ಬೈಯುವುದಿಲ್ಲ. ಒಲೆಯ ಮೇಲೆ ಊಟವಿದೆ ಎನ್ನುತ್ತಾಳೆ, ಚಿಕ್ಕವನಿದ್ದಾಗ ಅವನು ದೇವಾಲಯದ ಗಾಯನವೃಂದದಲ್ಲಿ ಹಾಡುತ್ತಿದ್ದುದನ್ನು ನೆನಪಿಸುತ್ತಾಳೆ. ಅಷ್ಟೇ ಸಾಕಾಯಿತು. ಹುಡುಗ ಗುರುಗಳನ್ನು ಕಾಣಲು ಹೊರಡುತ್ತಾನೆ. ದೇವಾಲಯದ ಮೆಟ್ಟಿಲೇರುವಾಗ ರಿಕೋ ಅವನನ್ನು ಗುಂಡಿಟ್ಟು ಕೊಲ್ಲುತ್ತಾನೆ.

ಆ ಮೆಟ್ಟಿಲು ನನ್ನನ್ನು ಬಿಡದೆ ಕಾಡಲು ಕಾರಣವಿದೆ. ಹಿಂದೆ ನಾನಿದ್ದ ಧರ್ಮಕೇಂದ್ರವೊಂದರಲ್ಲಿ, ಹೊಡೆದಾಟದ ಪ್ರಕರಣದಲ್ಲಿ ಠಾಣೆ ಕಂಡು ಬಂದ ಯುವಕನೊಬ್ಬ ಮತ್ತೆ ಗಾಯನವೃಂದಕ್ಕೆ ಸೇರಿಸಿಕೊಳ್ಳಿರೆಂದು ಕೇಳಿದ. ಜನರು ಏನೆಂದುಕೊಳ್ಳುವರೋ ಎಂದು, "ಸ್ವಲ್ಪ ದಿನ ಹೋಗಲಿ" ಎಂದೆ. ಆ ದಿನಗಳು ಹೋದವು, ಅವನೂ ಹೋದ. ನನ್ನ ಕೈಯಲ್ಲಿ ಬಂದೂಕಿರಲಿಲ್ಲ, ನಿಜ. ಆದರೂ ಮೆಟ್ಟಿಲೇರುತ್ತಿದ್ದವನನ್ನು ತಡೆದವನು ನಾನೇ.

ಸಂತ ಅಗಸ್ಟೀನರು ಹದಿನಾರರ ವಯಸ್ಸಿನಲ್ಲಿ ಗೆಳೆಯರೊಡನೆ ನೆರೆಯವರ ಮರದ ಹಣ್ಣು ಕದ್ದುದನ್ನು ಮುಂದೆ ಗುರುಪೀಠವೇರಿದ ಮೇಲೂ ಮರೆಯಲಿಲ್ಲ. ಹಸಿವಿಗಾಗಿ ಕದ್ದುದಲ್ಲ, ಒಂಟಿಯಾಗಿದ್ದರೆ ತಾನು ಕದಿಯುತ್ತಲೇ ಇರಲಿಲ್ಲ ಎಂದು ತಮ್ಮ ನಿವೇದನೆಯಲ್ಲಿ ಒಪ್ಪಿಕೊಂಡರು. ಹುಡುಗರನ್ನು ಸೆಳೆಯುವುದು ತನ್ನನ್ನು ಎಣಿಕೆಗೆ ತೆಗೆದುಕೊಳ್ಳುವ ಗುಂಪು. ಮನೆಯಲ್ಲಿ ಪಕ್ಕದ ಮನೆಯವನ ಅಂಕಪಟ್ಟಿಯೊಂದಿಗೆ ತೂಗಿ ಹೀಯಾಳಿಸಿದರೆ, ಸಂಬಳ ಕಡಿಮೆಯೆಂದು ನೆಂಟರೆದುರು ಮಾತು ಮರೆಸಿದರೆ, ಅವನನ್ನು ಎಣಿಸುವ ಗುಂಪು ಬೇರೆಲ್ಲೋ ಕಾದಿರುತ್ತದೆ. ನಮ್ಮ ಸೀಮೆಯಲ್ಲಿ ಅಟ್ಟಕ್ಕೆ ಹಾಕಿದ ಕಾಯಿ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಕಾಯುತ್ತೇವೆ. ಅವಸರಪಟ್ಟು ಒಡೆದವನಿಗೆ ಕೊಬ್ಬರಿಯಿಲ್ಲವೆಂದು ಬಲ್ಲೆವು. ಮಕ್ಕಳ ವಿಷಯದಲ್ಲಿ ಮಾತ್ರ ಆ ತಾಳ್ಮೆ ನಮಗಿಲ್ಲ.

ಆ ತಾಯಿಗೆ ನಾನು ಕೊಡಬೇಕಾದ ಉತ್ತರವಿದು. ಅಮ್ಮ, ಮಗನೊಂದಿಗೆ ಕುಳಿತು 'ಜೋಗಿ'ಯನ್ನು ಒಮ್ಮೆ ನೀವೂ ನೋಡಿ. ತಾಯಿ ಮಗನನ್ನು ಹುಡುಕುವ ಭಾಗ ಬಂದಾಗ ಏನೂ ಉಪದೇಶಿಸಬೇಡಿ, ಪಕ್ಕದಲ್ಲಿದ್ದರೆ ಸಾಕು. ಅವನು ಬೆಂಗಳೂರಿನಿಂದ ಯಾವ ಹೊತ್ತಿಗೆ ಬಂದರೂ, ಯಾವ ಸುದ್ದಿ ಹೊತ್ತು ಬಂದರೂ, ಮೊದಲು ತಟ್ಟೆ ಹಾಕಿ, ಪ್ರಶ್ನೆಗಳು ಆಮೇಲಿರಲಿ. ಮುಂದಿನ ಭಾನುವಾರ ಅವನನ್ನು ಕರೆತನ್ನಿ. ಗಾಯನವೃಂದದಲ್ಲಿ ಗಂಡುದನಿಗಳು ಕಡಿಮೆಯಿವೆ. ಈ ಸಲ ನಾನು ಮೆಟ್ಟಿಲಿಳಿದು ಬಂದು ಕರೆಯುತ್ತೇನೆ.