ಎರಡು ಗಂಟೆಯ ಬಸ್ಸು

‘ಓದಿಸಿದರೆ ಪಾದ್ರಿಗಳ ಕಾಲೇಜಿನಲ್ಲಿಯೇ ಓದಿಸಬೇಕು’ ಎಂಬ ಮಾತನ್ನು ನಮ್ಮ ದೇವದುರ್ಗದ ಕಡೆ ನಾನು ಎಷ್ಟೋ ಸಲ ಕೇಳಿದ್ದೇನೆ. ಸರಕಾರಿ ಕಾಲೇಜಿನ ವಿದ್ಯಾರ್ಥಿಯಾದ ನನಗೆ ಅದು ಮೊದಮೊದಲು ಚುಚ್ಚುತ್ತಿತ್ತು. ಅದರಲ್ಲಿ ನಿಜವೆಷ್ಟು, ಭ್ರಮೆಯೆಷ್ಟು ಎಂದು ಈಗ ವಿಚಾರಿಸಬೇಕೆನಿಸಿದೆ.

ಮಾನ್ವಿಯ ಲೊಯೊಲಾ ಕಾಲೇಜು ಯೇಸುಸಭೆಯ ಪಾದ್ರಿಗಳು ನಡೆಸತಕ್ಕ ಸಂಸ್ಥೆ. ಇದೇ ಸಭೆಯವರು ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು 1880ರಲ್ಲಿಯೇ ತೆರೆದರು. ಆಗ ನಮ್ಮ ರಾಯಚೂರು ನಿಜಾಮರ ಆಳಿಕೆಯಲ್ಲಿತ್ತು, 1948ರವರೆಗೂ ಇತ್ತು. ಕನ್ನಡದಲ್ಲಿ ಓದು ಬರಹ ಕಲಿಯುವುದೇ ದುಸ್ತರವಾಗಿದ್ದ ನಾಡಿದು. ಮುದಗಲ್ಲಿನಲ್ಲಿ ಆದಿಲಶಾಹಿಗಳ ಕಾಲದಿಂದಲೂ ಕ್ರೈಸ್ತರಿದ್ದಾರೆ, ನಿಜ. ಆದರೆ ಕರಾವಳಿಗೆ ಅಂದೇ ದೊರೆತ ಕಾಲೇಜು ನಮ್ಮ ತಾತಂದಿರಿಗೆ ದೊರೆಯಲಿಲ್ಲ.

ಹೋದ ವರ್ಷ ಗೆಳೆಯನೊಬ್ಬನನ್ನು ಕಾಣಲು ಮಾನ್ವಿಗೆ ಹೊರಟಾಗ ನಮ್ಮಜ್ಜಿ, ‘ಅಲ್ಲಿ ಶಿಲುಬಿಗೆ ಕೈ ಮುಗಿಸ್ತಾರೇನೋ?’ ಎಂದು ಕೇಳಿದಳು. ಗೆಳೆಯನ ಹಣೆಯ ಮೇಲೆ ವಿಭೂತಿ ಇದ್ದೇ ಇತ್ತು. ಅಲ್ಪಸಂಖ್ಯಾತರು ತಮ್ಮ ವಿದ್ಯಾಸಂಸ್ಥೆಗಳನ್ನು ನಡೆಸುವ ಹಕ್ಕು ಸಂವಿಧಾನದ 30ನೆಯ ವಿಧಿಯಲ್ಲಿದೆ. ಸರಕಾರದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಯಾರನ್ನೂ ಒಪ್ಪಿಗೆಯಿಲ್ಲದೆ ಪ್ರಾರ್ಥನೆಗೆ ಕೂಡಿಸಲಾಗದೆಂದು 28ನೆಯ ವಿಧಿ ಹೇಳುತ್ತದೆ. ಅಜ್ಜಿಗೆ ವಿಧಿಗಳಿಗಿಂತ ವಿಭೂತಿಯೇ ಸಮಾಧಾನ ಕೊಟ್ಟಿತು.

ಅಲ್ಲಿಯ ಕಟ್ಟಡ ನನ್ನ ಮನಸ್ಸಿನಲ್ಲಿ ಉಳಿದಿಲ್ಲ. ಪಾಠಗಳು ಮುಗಿದಿದ್ದವು, ಆದರೂ ಹುಡುಗರು ಮೈದಾನದಲ್ಲಿದ್ದರು. ಮರದ ನೆರಳಿನಲ್ಲಿ ಉಪನ್ಯಾಸಕರೊಬ್ಬರು ಒಬ್ಬನೇ ವಿದ್ಯಾರ್ಥಿಯ ಪ್ರಬಂಧವನ್ನು ಸಾಲುಸಾಲಾಗಿ ತಿದ್ದುತ್ತಿದ್ದರು. ಇಬ್ಬರಿಗೂ ಅವಸರವಿರಲಿಲ್ಲ. ನಾನು ಅಸೂಯೆಪಟ್ಟದ್ದು ಇದೊಂದಕ್ಕೆ.

ಶಿಸ್ತಿಗಾಗಿ ಅಲ್ಲ. ಹಾಜರಿಯ ಭಯದಿಂದ ಬರುವ ಶಿಸ್ತನ್ನು ಹೊಗಳಲು ನನಗೆ ಮನಸ್ಸಿಲ್ಲ. ನಮ್ಮ ಉಪನ್ಯಾಸಕರು ಸ್ಪರ್ಧೆಯಲ್ಲಿ ಆಯ್ಕೆಯಾಗಿ ಬಂದವರು. ವಿದ್ಯೆಯಲ್ಲಿ ಯಾರಿಗೂ ಕಡಿಮೆಯಲ್ಲ. ನಮ್ಮಲ್ಲಿ ಶುಲ್ಕ ಅಲ್ಪ. 371(ಜೆ) ವಿಧಿಯಿಂದ ನಮ್ಮ ಭಾಗದವರಿಗೆ ಸೀಟು, ನೌಕರಿಗಳಲ್ಲಿ ಮೀಸಲಾತಿಯೂ ಬಂದಿದೆ. ಇಷ್ಟೆಲ್ಲ ಇದ್ದೂ ಮಧ್ಯಾಹ್ನ ಎರಡು ಗಂಟೆಗೆ ಬಸ್ಸು ಬರುತ್ತಲೇ ನಮ್ಮ ಕಾಲೇಜು ಮುಗಿದುಹೋಗುತ್ತದೆ. ವಾಚನಾಲಯಕ್ಕೆ ಬೀಗ ಬೀಳುತ್ತದೆ. ತಪ್ಪು ಗುರುಗಳದಷ್ಟೇ ಎನ್ನಲಾರೆ. ಹತ್ತಿ ಬಿಡಿಸುವ ದಿನಗಳಲ್ಲಿ ತರಗತಿ ಅರ್ಧ ಖಾಲಿ. ಆ ಅರ್ಧದಲ್ಲಿ ನಾನೂ ಒಬ್ಬ. ಹೊಲದ ಕೂಲಿಯಿಂದಲೇ ನನ್ನ ಪುಸ್ತಕಗಳು ಬರುತ್ತವೆ. ತಪ್ಪಿದ ಪಾಠವನ್ನು ಓದಿಕೊಳ್ಳಲು ಅಂಥವರಿಗೆ ಸ್ಥಳವೆಲ್ಲಿ? ಮನೆಯಲ್ಲಿ ಒಂದೇ ಕೋಣೆ, ಒಂದೇ ದೀಪ.

ಸಂಜೆ ಆರಕ್ಕೂ ಒಂದು ಬಸ್ಸಿದೆ. ಊರಿನ ಹಾಸ್ಟೆಲುಗಳಲ್ಲಿರುವವರಿಗಂತೂ ಬಸ್ಸಿನ ಹಂಗೇ ಇಲ್ಲ. ವಾಚನಾಲಯವನ್ನು ಐದೂವರೆಯವರೆಗೆ ತೆರೆದಿಟ್ಟರೆ ಸಾಕು; ಕಾವಲಿಗೆ ವಿದ್ಯಾರ್ಥಿಗಳೇ ಸರದಿಯಂತೆ ಇರಬಹುದು. ವಾರಕ್ಕೊಂದು ದಿನ ಗುರುಗಳಲ್ಲೊಬ್ಬರು ಕುಳಿತರೆ ನಮ್ಮ ಭಾಗ್ಯ. ಇದಕ್ಕೆ ಬೆಂಗಳೂರಿನಿಂದ ಮಂಜೂರಾತಿ ಬರಬೇಕಾಗಿಲ್ಲ.

ಸರದಿಗೆ ಇದುವರೆಗೆ ಹದಿನೇಳು ಜನ ಹೆಸರು ಕೊಟ್ಟಿದ್ದಾರೆ. ಬೀಗದ ಕೈ ಕೇಳುವ ಧೈರ್ಯ ಮಾತ್ರ ಇನ್ನೂ ಯಾರಿಗೂ ಬಂದಿಲ್ಲವಾದ್ದರಿಂದ ಇಲ್ಲಿ ಬರೆದಿದ್ದೇನೆ.